ಎರಡನೇ ಗಿಟಾರ್ ಪಂಚಮದಲ್ಲಿ ನಿಂತಾಗ: ಸ್ವೀಡನ್ ಮೆಟಲ್‌ನ ಮೆಲೊಡಿ ನನ್ನ ಕೈಗೆ ಸಿಕ್ಕ ಕಥೆ

ಸ್ವೀಡನ್ ಮೆಟಲ್ ಬ್ಯಾಂಡ್‌ಗಳ ಜೋಡಿ ಗಿಟಾರ್ ಮೆಲೊಡಿ ಕೈಗೆ ಹತ್ತಲು ಮೂರು ವರ್ಷ ಹಿಡಿಯಿತು. ಹೋದ ನವೆಂಬರ್‌ನಲ್ಲಿ ನಮ್ಮ ಹೊಸ ಟ್ರ್ಯಾಕನ್ನು ಬೆಂಗಳೂರಿನ ಹಳೇ ಬ್ಯಾಂಡ್ ಗೆಳೆಯನಿಗೆ ಕಳಿಸಿದೆ. ಹಾಡು ಮುಗಿಯುವ ಮೊದಲೇ ಫೋನ್ ಬಂತು. "ಮಗಾ, ಇದು ಯಾವ ಬ್ಯಾಂಡು? ನಿಮ್ಮದು ಕಳಿಸ್ತೀನಿ ಅಂದಿದ್ದೆ ಅಲ್ವಾ?" ಎಂದ. ನಮ್ಮದೇ ಅದು! "ಆ ಮೆಲೊಡಿ ಸ್ವೀಡನ್‌ನವರಿಗೆ ಹುಟ್ಟಿನಿಂದ ಬಂದಿರೋದು, ನಿನ್ನ ಕೈಲಿ ಆಗಲ್ಲ ಬಿಡು" ಎಂದು ಇಷ್ಟು ದಿನ ಹೇಳಿದವನೂ ಅವನೇ. ಆ ಫೋನ್ ಇಟ್ಟ ರಾತ್ರಿಯೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ನಾನಿರುವುದು ಸ್ವೀಡನ್‌ನ ಗೋಥೆನ್‌ಬರ್ಗ್ ಊರಿನ ಹಿಸಿಂಗೆನ್‌ನಲ್ಲಿ. ಹಗಲು ಸಾಫ್ಟ್‌ವೇರ್, ಸಂಜೆ ಗಿಟಾರ್. ಇನ್ ಫ್ಲೇಮ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಅಟ್ ದ ಗೇಟ್ಸ್ ಮೂರೂ ಈ ಊರಿನ ಮೆಟಲ್ ಬ್ಯಾಂಡ್‌ಗಳು. 1995-96ರಲ್ಲಿ ಈ ಮೂವರೂ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ಮಾಡಿದ ಆಲ್ಬಮ್‌ಗಳಿಂದಲೇ ಒರಟು ಮೆಟಲ್‌ಗೆ ಮೆಲೊಡಿ ಬೆರೆಸಿದ ಈ ಊರಿನ ಸದ್ದು ಹೆಸರಾಯಿತು. ನಾನು ಬೆನ್ನು ಹತ್ತಿದ್ದು ಆ ಮೆಲೊಡಿಯನ್ನೇ.

ಮೊದಲು ನಾನು ಸ್ಕೇಲಿನ ಬೆನ್ನು ಹತ್ತಿದೆ. ಚಿಕ್ಕವನಿದ್ದಾಗ ಮೈಸೂರಿನಲ್ಲಿ ನಾಲ್ಕು ವರ್ಷ ಪಿಟೀಲು ಕಲಿತಿದ್ದೆ. ಹಾರ್ಮೋನಿಕ್ ಮೈನರ್ ಅಂದರೆ ನಮ್ಮ ಕೀರವಾಣಿ, ನ್ಯಾಚುರಲ್ ಮೈನರ್ ಅಂದರೆ ನಟಭೈರವಿ. ಎರಡೂ ಬೆರಳಲ್ಲಿವೆ, ಇನ್ನೇನು ಬೇಕು ಅಂದುಕೊಂಡೆ. ಒಂದು ವರ್ಷ ಬರೆದದ್ದೆಲ್ಲ ವೇಗದ ಸ್ವರಗಳ ಸಾಲು. ಕೇಳಿದ ಯಾರಿಗೂ ಮರುದಿನ ಒಂದು ಸಾಲೂ ನೆನಪಿರಲಿಲ್ಲ. ಕೀರವಾಣಿಯ ಗಮಕವನ್ನು ಗಿಟಾರಿಗೆ ತರಲೂ ನೋಡಿದೆ. ಒಂದೇ ಗಿಟಾರ್ ಇದ್ದಾಗ ಸೊಗಸಾಗಿತ್ತು. ಎರಡು ಗಿಟಾರ್ ಸೇರಿದ ಕೂಡಲೇ ಒಂದರ ಜಾರು ಇನ್ನೊಂದಕ್ಕೆ ತಾಕಿ ಅಪಸ್ವರ. ನಾಲ್ಕು ತಿಂಗಳು ಹೋಯಿತು. ಆದರೂ ಆ ಯೋಚನೆ ಬಿಟ್ಟಿಲ್ಲ, ನಿಧಾನದ ಹಾಡಿಗೆ ಇಟ್ಟುಕೊಂಡಿದ್ದೇನೆ.

ಆಮೇಲೆ ಟೋನ್ ಹುಚ್ಚು, ಅಂದರೆ ಗಿಟಾರಿನ ಸದ್ದಿನ ಹುಚ್ಚು ಹಿಡಿಯಿತು. ಸದ್ದನ್ನು ಒರಟಾಗಿ ಒಡೆಯುವ (ಡಿಸ್ಟಾರ್ಷನ್) ಬಾಸ್ ಕಂಪನಿಯ ಹಳೇ ಎಚ್‌ಎಂ-2 ಪೆಡಲ್ ಒಂದನ್ನು ಎರಡು ಸಾವಿರದ ಚಿಲ್ಲರೆ ಕ್ರೋನರ್ ಕೊಟ್ಟು ಸೆಕೆಂಡ್ ಹ್ಯಾಂಡ್ ತಂದೆ. ನಾಲ್ಕೂ ನಾಬ್ ಪೂರ್ತಿ ತಿರುಗಿಸಿದರೆ ಸ್ಟಾಕ್‌ಹೋಮ್ ಬ್ಯಾಂಡ್‌ಗಳ ಅದೇ ಗರಗಸದಂಥ ಸದ್ದು. ಅಲ್ಲಿನ ಸನ್‌ಲೈಟ್ ಸ್ಟುಡಿಯೋದಿಂದ ಎಂಟೂಂಬ್ಡ್ ಬ್ಯಾಂಡು 1990ರ ಆಲ್ಬಮ್‌ನಲ್ಲಿ ಕೇಳಿಸಿದ ಸದ್ದು. ಪವರ್ ಕಾರ್ಡ್‌ಗೆ, ಅಂದರೆ ಸ-ಪ ಒಟ್ಟಿಗೆ ಬಾರಿಸಿದರೆ, ಮೈ ಜುಂ ಅನ್ನುತ್ತದೆ. ಎರಡು ಗಿಟಾರ್ ಬೇರೆ ಬೇರೆ ಸ್ವರ ನುಡಿಸುವ ನನ್ನ ಹಾರ್ಮೊನಿಗೆ ಮಾತ್ರ ಬರೀ ಗೊಜ್ಜು. ಅದೇ ಸದ್ದು ಹೊತ್ತುಕೊಂಡು ಒಂದು ಸ್ಟುಡಿಯೋಗೆ ಹೋಗಿ ಮೂರು ದಿನಕ್ಕೆ ಸುಮಾರು 14,000 ಕ್ರೋನರ್ ಸುರಿದೆ. ಅಲ್ಲಿನ ಎಂಜಿನಿಯರ್ ಎರಡೂ ಲೀಡ್ ಗಿಟಾರನ್ನು ಎಡ-ಬಲ ಸ್ಪೀಕರಿಗೆ ಹಂಚದೆ ನಡುವೆಯೇ ಕೂರಿಸಿದ. ಬೇಡ ಅಂದರೂ ಕೇಳಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು ಗಿಟಾರಿನಿಂದ ಅಲ್ಲ, ಪಿಟೀಲಿನಿಂದ. ನಮ್ಮ ಡ್ರಮ್ಮರ್ ಜುಲೈನಲ್ಲಿ ದಾಲರ್ನಾದ ಬಿಂಗ್‌ಶೋ ಹಳ್ಳಿಯ ಜಾನಪದ ಪಿಟೀಲು ಕೂಟಕ್ಕೆ ಕರೆದುಕೊಂಡು ಹೋದ. ಹುಲ್ಲಿನ ಮೇಲೆ ಕೂತು ಒಬ್ಬ ಹುಡುಗ ಮೂರು ಎಣಿಕೆಯ ಪೊಲ್ಸ್ಕಾ ಎಂಬ ಇಲ್ಲಿನ ಕುಣಿತದ ಧಾಟಿ ನುಡಿಸುತ್ತಿದ್ದ. ಪಕ್ಕದಲ್ಲಿ ಒಬ್ಬ ಅಜ್ಜಿ ಎರಡನೇ ದನಿ ಹಿಡಿದಿದ್ದರು. ಇದನ್ನು ಇಲ್ಲಿ ಆಂದ್ರಸ್ತೆಮ್ಮಾ ಅನ್ನುತ್ತಾರೆ. ಅಜ್ಜಿಯ ಬೆರಳನ್ನೇ ನೋಡುತ್ತಾ ಕೂತೆ. ಹುಡುಗನ ಧಾಟಿ ಓಡುತ್ತಿದ್ದರೆ ಅಜ್ಜಿ ಸ್ವಲ್ಪ ದೂರ ಜೊತೆಗೆ ಹೋಗುತ್ತಿದ್ದರು. ಆಮೇಲೆ ಒಂದೇ ಸ್ವರದಲ್ಲಿ ಸುಮ್ನೆ ನಿಂತುಬಿಡುತ್ತಿದ್ದರು. ಧಾಟಿ ತಾನೇ ತಿರುಗಿ ಅವರ ಹತ್ತಿರ ಬರುತ್ತಿತ್ತು.

ನನ್ನ ತಪ್ಪು ಅಲ್ಲೇ ತಿಳಿಯಿತು: ನನ್ನ ಎರಡನೇ ಗಿಟಾರ್ ಎಲ್ಲೂ ನಿಲ್ಲದೆ ಮೊದಲನೆಯದರ ಹಿಂದೆಯೇ ಓಡುತ್ತಿತ್ತು. ನಮ್ಮ ಒಂದು ಸಾಲು ಹೀಗಿತ್ತು: ಸ ಗ ರಿ ಸ ನಿ ಸ, ಡಿ ಮೈನರ್‌ನಲ್ಲಿ, ಅಂದರೆ ಸ ಎಂಬುದು ಡಿ. ಕಣ್ಣು ಮುಚ್ಚಿ ಕೆಳಗಿನ ಥರ್ಡ್, ಅಂದರೆ ಪ್ರತಿ ಸ್ವರಕ್ಕೂ ಸ್ಕೇಲಿನಲ್ಲಿ ಎರಡು ಮೆಟ್ಟಿಲು ಕೆಳಗಿನ ಸ್ವರ ಹಾಕಿದರೆ ಎರಡನೇ ಗಿಟಾರಿಗೆ ದ ಸ ನಿ ದ ಪ ದ ಬರುತ್ತದೆ. ಕೊನೆಯ ಸ ಕೆಳಗೆ ದ ಬಂದರೆ, ಅಂದರೆ ಡಿ ಕೆಳಗೆ ಬಿ ಫ್ಲಾಟ್ ಬಂದರೆ, ಹಾಡು ಮನೆ ಸೇರುವುದಿಲ್ಲ, ಹೊಸಿಲಲ್ಲೇ ನಿಂತ ಹಾಗೆ ಕೇಳುತ್ತದೆ. ನಾನು ಕೊನೆಯ ದ ತೆಗೆದು ಪ ಹಾಕಿದೆ, ಕೊನೆಯ ಎರಡು ಸ್ವರ ಪ ಪ ಆಯಿತು. ಮೇಲೆ ನಿ ಸ, ಕೆಳಗೆ ಪಂಚಮ ಅಲ್ಲಾಡದೆ ನಿಂತಿದೆ. ಅಷ್ಟೇ ಬದಲಾವಣೆ. ಡ್ರಮ್ಮರ್ ಕಡ್ಡಿ ಕೆಳಗಿಟ್ಟು "ಇನ್ನೊಂದು ಸಲ ನುಡಿಸು" ಎಂದ. ಆ ಸಂಜೆ ಇಪ್ಪತ್ತು ಸಲವಾದರೂ ನುಡಿಸಿರಬೇಕು.

ಎರಡು ದನಿ ಎರಡು ಬೇರೆ ಆಂಪ್‌ನಲ್ಲೇ ಹೋಗಬೇಕು, ಒಂದು ಎಡ, ಒಂದು ಬಲ. ಒಂದೇ ಡಿಸ್ಟಾರ್ಷನ್‌ನೊಳಗೆ ಥರ್ಡ್ ಹಾಕಿದರೆ ಇಲ್ಲದ ಸ್ವರಗಳೆಲ್ಲ ಹುಟ್ಟುತ್ತವೆ. ಸದ್ದು ಎಷ್ಟು ಒಡೆಯಬೇಕು ಅನ್ನುವ ಗೇನ್ ನಾಬನ್ನು ಎಂಟರಿಂದ ಐದಕ್ಕೆ ಇಳಿಸಿದೆ. ದಪ್ಪ ತಂತಿಯ ಟ್ಯೂನಿಂಗ್ ಸಿ ಸ್ವರಕ್ಕೆ, ವೇಗ ನಿಮಿಷಕ್ಕೆ 170 ಬಡಿತದ ಆಸುಪಾಸು. ಎರಡನೇ ಗಿಟಾರಿನ ಪಿಕಿಂಗ್‌ನಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ಅದು ಮಾತ್ರ ಸದ್ಯಕ್ಕೆ ನಮ್ಮ ಬ್ಯಾಂಡಿನೊಳಗೇ ಇರಲಿ. ಗಮನ ಇಟ್ಟು ಕೇಳಿದರೆ ಹಿಡಿಯುತ್ತೀರಿ.

ಇನ್ನೊಂದು ಬದಲಾಯಿಸಿದ್ದು, ಈಗ ಗಿಟಾರ್ ಹಿಡಿದು ಬರೆಯುವುದೇ ಇಲ್ಲ. ಹೊಳೆ ದಾಟುವ ಟ್ರಾಮ್‌ನಲ್ಲಿ ಗುನುಗುತ್ತೇನೆ. ಮರುದಿನ ಬೆಳಿಗ್ಗೆ ನೆನಪಿದ್ದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಹೋಗಲಿ. ರಿಫ್ (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ಸಾಲು) ಬೇರೆ, ಮೆಲೊಡಿ ಬೇರೆ ಅಂತ ಇಡಬೇಡಿ. ರಿಫ್ಫೇ ಹಾಡಬೇಕು. ಇನ್ ಫ್ಲೇಮ್ಸ್ 1994ರ ಮೊದಲ ಆಲ್ಬಮ್‌ನಲ್ಲೇ ಒಂದು ಹಳೇ ಜಾನಪದ ಧಾಟಿ ನುಡಿಸಿದ್ದಾರೆ. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿನಿಂದ ಜೋಡಿ ಗಿಟಾರ್ ಕಲಿತವರು ಜಗತ್ತಿನಲ್ಲೆಲ್ಲ ಇದ್ದಾರೆ, 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ನೋಡಿದ ನಾನೂ ಸೇರಿ. ಆದರೆ ಇಲ್ಲಿನವರ ಕಿವಿಯಲ್ಲಿ ಅದಕ್ಕಿಂತ ಮೊದಲೇ ಎರಡನೇ ದನಿ ಕೂತಿತ್ತು ಎಂಬುದು ನನ್ನ ಖಂಡಿತ ಅಭಿಪ್ರಾಯ.

ನಮ್ಮ ಡ್ರಮ್ಮರನನ್ನೇ ನೋಡಿ. ಎಂಟು ವರ್ಷಕ್ಕೆ ಊರಿನ ಮುನಿಸಿಪಲ್ ಸಂಗೀತ ಶಾಲೆಯಲ್ಲಿ ಕ್ಲಾರಿನೆಟ್ ಹಿಡಿದವನು. ವಾದ್ಯ ಶಾಲೆಯದ್ದೇ, ಫೀಸು ತೀರಾ ಕಡಿಮೆ. ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ ಕ್ವಾಯರ್‌ನಲ್ಲಿ ಕೆಳದನಿ ಹಾಡುತ್ತಾ ಬೆಳೆದವನು. ನಮ್ಮ ಜಾಮ್ ರೂಮು ಕೂಡ ಒಂದು ಅಧ್ಯಯನ ಸಂಘದ ಲೆಕ್ಕದಲ್ಲಿದೆ. ಇಂಥ ಸಂಘಗಳಿಗೆ ಸರ್ಕಾರದ ನೆರವಿದೆ. ಬ್ಯಾಂಡಿನ ಪ್ರಾಕ್ಟೀಸೂ ಒಂದು ಕಲಿಕೆಯೇ ಅಂತ ದಾಖಲಾಗುತ್ತದೆ. ನಾಲ್ಕು ಜನರಿಗೆ ಹಂಚಿದರೆ ತಿಂಗಳಿಗೆ ತಲಾ 300 ಕ್ರೋನರ್ ಬರಬಹುದು. ಬೆಂಗಳೂರಿನಲ್ಲಿ ಗಂಟೆ ಲೆಕ್ಕದ ಜಾಮ್ ರೂಮಿನಲ್ಲಿ ಗಡಿಯಾರ ನೋಡುತ್ತಾ ನುಡಿಸಿದವನು ನಾನು. ಒಂದೇ ಸಾಲನ್ನು ಇಪ್ಪತ್ತು ಸಲ ನುಡಿಸುವ ಪುರುಸೊತ್ತು ಅಲ್ಲಿ ಸಿಗುತ್ತಲೇ ಇರಲಿಲ್ಲ.

ನಡುವೆ ನಿಕ್ಕೆಲ್‌ಹಾರ್ಪಾ ಎಂಬ, ಕೀಲಿಗಳಿರುವ ಸ್ವೀಡನ್ ಪಿಟೀಲು ಒಂದನ್ನು ಎರವಲು ತಂದು ಮೈಕ್ ಇಟ್ಟು ನೋಡಿದೆ. ಅದರ ಅನುರಣನದ ತಂತಿಗಳು ಡ್ರಮ್ ಬಡಿದಾಗಲೆಲ್ಲ ಗುಂಯ್ ಅನ್ನುತ್ತವೆ. ಡ್ರಮ್ ಇಲ್ಲದ ಮುನ್ನುಡಿಗೆ ಮಾತ್ರ ಉಳಿಸಿಕೊಂಡೆವು. ಪೊಲ್ಸ್ಕಾದ ಮೂರು ಎಣಿಕೆಗೆ ಎರಡೂ ಕಾಲಲ್ಲಿ ಬಡಿಯುವ ಡಬಲ್ ಬೇಸ್ ಡ್ರಮ್ ಹಾಕಿದ್ದು ಮಾತ್ರ ಭರ್ಜರಿ ಬಂದಿದೆ. ಮುಂದಿನ ಟ್ರ್ಯಾಕ್ ಅದೇ.

ಈ ಸಲದ ರೆಕಾರ್ಡಿಂಗ್ ಜಾಮ್ ರೂಮಿನಲ್ಲೇ ಆಯಿತು. ಎರಡು ಬಾಡಿಗೆ ಮೈಕ್, ನನ್ನ ಲ್ಯಾಪ್‌ಟಾಪ್, ಎಲ್ಲ ಸೇರಿ 1,800 ಕ್ರೋನರ್ ಆಗಿರಬೇಕು. ಎಚ್‌ಎಂ-2 ಪೆಡಲನ್ನು ಕೊಂಡದ್ದಕ್ಕಿಂತ ಜಾಸ್ತಿಗೆ ಮಾರಿ, ಬಂದ ಲಾಭದಲ್ಲಿ ಆ ಖರ್ಚಿನ ಸ್ವಲ್ಪ ಭಾಗ ಹೊಂದಿಸಿಕೊಂಡೆ.