ದೂರ ಗೊತ್ತು, ಹಾರಾಟದ ಹೊತ್ತು ಎಷ್ಟು?

ಆಫೀಸಿನವರ ಪ್ರಯಾಣದ ಏರ್ಪಾಡು ನೋಡಿಕೊಳ್ಳುವುದು ನನ್ನ ಕೆಲಸ. "ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು?" ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಆ್ಯಪ್ ನೋಡಿ ಹೇಳಿಬಿಡಬಹುದು. ಆದರೂ ಮೊದಲು ನಾನೇ ಒಂದು ಲೆಕ್ಕ ಹಾಕುತ್ತೇನೆ. ಆಗ ಟಿಕೆಟ್‌ನಲ್ಲಿರುವ ಸಮಯ ಸರಿ ಇದೆಯಾ ಅಂತ ತಕ್ಷಣ ತಿಳಿಯುತ್ತದೆ.

ಲಂಡನ್–ನ್ಯೂಯಾರ್ಕ್ ತಗೊಳ್ಳಿ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ದೂರ ಸರಿಯಾಗಿ ಸಿಗುವುದಿಲ್ಲ. ಗ್ಲೋಬ್ ಮೇಲೆ ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿ. ನ್ಯೂಯಾರ್ಕ್ ಇರುವುದು ಲಂಡನ್‌ಗಿಂತ ದಕ್ಷಿಣಕ್ಕೆ. ಆದರೆ ದಾರ ಹೊರಡುವುದು ವಾಯವ್ಯಕ್ಕೆ! ಐರ್ಲೆಂಡ್ ಕಡೆಯಿಂದ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಗೆ ಹೋಗಿ ಕೆಳಗಿಳಿಯುತ್ತದೆ. ಅದೇ ಹತ್ತಿರದ ದಾರಿ, ಸುಮಾರು 5,550 ಕಿ.ಮೀ. ದಾರದ ಉದ್ದವನ್ನು ಗ್ಲೋಬಿನ ಸುತ್ತಳತೆಯಿಂದ ಭಾಗಿಸಿ 40,000ದಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಪಕ್ಕಾ ಲೆಕ್ಕ ಬೇಕಿದ್ದರೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಹಿಡಿದು ಸ್ಪ್ರೆಡ್‌ಶೀಟ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ (ಅಕ್ಷಾಂಶ, ರೇಖಾಂಶದಿಂದ ಗೋಳದ ಮೇಲಿನ ದೂರ ಕೊಡುವ ಸೂತ್ರ) ಹಾಕುತ್ತೇನೆ.

ಇನ್ನು ಸಮಯ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಅಂತ ಹಿಡಿದು ದೂರವನ್ನು ಅದರಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತೇನೆ. 5,550ಕ್ಕೆ ಆರೂವರೆ, ಅರ್ಧ ಸೇರಿ ಏಳು ಗಂಟೆ. ಹತ್ತಿರದ ಊರುಗಳಿಗೆ ಈ ಲೆಕ್ಕ ಸಾಲದು. ಪ್ಯಾರಿಸ್–ಲಂಡನ್ ಬರೀ 350 ಕಿ.ಮೀ. ಆಸುಪಾಸು. ಲೆಕ್ಕಕ್ಕೆ ಒಂದು ಗಂಟೆಯೂ ಬರುವುದಿಲ್ಲ, ವೇಳಾಪಟ್ಟಿಯಲ್ಲಿ ಮಾತ್ರ ಒಂದೂಕಾಲು ಗಂಟೆ ಇರುತ್ತದೆ. ಟಿಕೆಟ್‌ನಲ್ಲಿ ಹಾಕುವುದು ಗೇಟ್ ಬಿಟ್ಟ ಕ್ಷಣದಿಂದ ಗೇಟ್ ಸೇರುವವರೆಗಿನ ಹೊತ್ತು. ರನ್‌ವೇಗೆ ತೆವಳುವುದು, ಇಳಿಯಲು ಸರದಿ ಕಾಯುವುದು ಎಲ್ಲ ಅದರಲ್ಲೇ ಬರುತ್ತದೆ.

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಎಂಟು ಗಂಟೆ, ಬರುವಾಗ ಏಳು. ಇದಕ್ಕೆ ಗಾಳಿ ಕಾರಣ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕ್ ಬಿಟ್ಟು ಐದು ಗಂಟೆಯೊಳಗೆ ಲಂಡನ್‌ನಲ್ಲಿ ಇಳಿದಿತ್ತು. ಹಾಗಂತ ಅದನ್ನು ನಂಬಿ ಸಂಜೆಯ ಮೀಟಿಂಗ್ ಇಟ್ಟುಕೊಳ್ಳೋಕಾಗುತ್ತಾ?

ಗಾಳಿಯಾದರೂ ಒಂದು ಗಂಟೆ ಆಚೀಚೆ ಮಾಡುತ್ತದೆ, ಆಕಾಶವೇ ಮುಚ್ಚಿದರೆ ಹಳೇ ಲೆಕ್ಕವೆಲ್ಲ ತಲೆಕೆಳಗು. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ವಿಮಾನಗಳಿಗೆ ಬಂದ್ ಆಯಿತು. ರಷ್ಯಾವನ್ನು ಸುತ್ತಿಕೊಂಡು ಹೋಗಬೇಕಾಗಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಹಾರಾಟ ಒಂಬತ್ತು ಗಂಟೆ ಚಿಲ್ಲರೆಯಿಂದ ಹದಿಮೂರರ ಹತ್ತಿರ ಹೋಯಿತು. ಊರುಗಳು ಇದ್ದಲ್ಲೇ ಇವೆ, ಗ್ಲೋಬಿನ ಮೇಲಿನ ದಾರವೂ ಅಷ್ಟೇ ಉದ್ದ.

ಜನ ಜಾಸ್ತಿ ಎಡವುವುದು ಗಡಿಯಾರದಲ್ಲಿ. ಲಂಡನ್‌ನಲ್ಲಿ ಬೆಳಗ್ಗೆ 11ಕ್ಕೆ ಹೊರಟು ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 2ಕ್ಕೆ ಇಳಿದರೆ "ಮೂರೇ ಗಂಟೆ" ಅನ್ನಿಸುತ್ತದೆ, ಅಲ್ವಾ? ಎರಡೂ ಆಯಾ ಊರಿನ ಸಮಯ. ನಡುವೆ ಐದು ಗಂಟೆ ವ್ಯತ್ಯಾಸ, ಹಾಗಾಗಿ ಒಟ್ಟು ಎಂಟು. ನಾನು ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತಂದುಕೊಂಡೇ ಕಳೆಯುತ್ತೇನೆ. ಮಾರ್ಚ್‌ನಲ್ಲಿ ಇನ್ನೊಂದು ತೊಡಕು ಇದೆ. ಅಮೆರಿಕದವರು ಬೇಸಿಗೆಗಾಗಿ ಗಡಿಯಾರ ಒಂದು ಗಂಟೆ ಮುಂದಿಡುವುದು ಎರಡನೇ ಭಾನುವಾರ, ಬ್ರಿಟನ್‌ನವರು ಕೊನೇ ಭಾನುವಾರ. ಆ ಎರಡು ಮೂರು ವಾರ ವ್ಯತ್ಯಾಸ ನಾಲ್ಕೇ ಗಂಟೆ. ಅಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯುವವರಿದ್ದರೆ ಆ ದಿನಗಳ ಟಿಕೆಟ್ಟನ್ನು ಎರಡು ಸಲ ನೋಡುತ್ತೇನೆ.