ಮೊದಲು ರಿಪೇರಿ, ಆಮೇಲೆ ಬರವಣಿಗೆ: ದೊಡ್ಡವರಿಗೆ ವೆಬ್ ಕೆಲಸ ಕಲಿಸಿದ ನನ್ನ ಅನುಭವ

ಮೊದಲ ನಾಲ್ಕು ವಾರ ಯಾರಿಂದಲೂ ಹೊಸ ಕೋಡ್ ಬರೆಸುವುದಿಲ್ಲ, ಕೆಟ್ಟು ನಿಂತ ವೆಬ್ ಪುಟಗಳನ್ನು ಸರಿ ಮಾಡಿಸುತ್ತೇನೆ ಎಂದು ಹೇಳಿದಾಗ ನಮ್ಮ ಸ್ವಯಂಸೇವಕರ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಟ್ಯಾಗ್ ಎಂದರೇನೆಂದೇ ತಿಳಿಯದವರ ಕೈಗೆ ದೋಷ ತುಂಬಿದ ಫೈಲ್ ಕೊಟ್ಟರೆ ಎರಡನೆಯ ವಾರಕ್ಕೆ ತರಗತಿ ಖಾಲಿಯಾಗುತ್ತದೆ ಎಂದರು ಒಬ್ಬರು. ಉದ್ಯಮದಲ್ಲಿ ನನಗಿಂತ ಹಿರಿಯರಾದ ಇನ್ನೊಬ್ಬರು, ಇದಕ್ಕೆ ಕಲಿಸುವುದು ಎನ್ನುವುದಿಲ್ಲ, ಹೆದರಿಸುವುದು ಎನ್ನುತ್ತಾರೆ ಎಂದೇ ಬಿಟ್ಟರು. ಈಗ ಅದೇ ಕ್ರಮದಲ್ಲಿ ಹಲವು ತಂಡಗಳು ಕಲಿತು ಹೊರಬಿದ್ದಿವೆ. ಮೊದಲೆಲ್ಲ ಸೇರಿದವರಲ್ಲಿ ಕಾಲು ಭಾಗ ಕೊನೆ ಮುಟ್ಟಿದರೆ ಹೆಚ್ಚು. ಈಗ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಮುಗಿಸುತ್ತಾರೆ. ಬೇಡ ಎಂದವರಲ್ಲೇ ಕೆಲವರು ನನ್ನ ಪುಟಗಳನ್ನು ಕೇಳಿ ಪಡೆದು ತಮ್ಮ ತರಗತಿಗಳಲ್ಲಿ ಬಳಸುತ್ತಿದ್ದಾರೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮಲ್ಲಿ ಬರುವವರು ಬೇರೆ ಕಸುಬಿನಲ್ಲಿ ಹತ್ತು ಹದಿನೈದು ವರ್ಷ ಕಳೆದವರು. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು, ನರ್ಸ್‌ಗಳು, ಶಿಕ್ಷಕರು, ಗೋದಾಮಿನ ಮೇಲ್ವಿಚಾರಕರು, ಮಕ್ಕಳು ಬೆಳೆದ ಮೇಲೆ ಮತ್ತೆ ಉದ್ಯೋಗ ಹುಡುಕುತ್ತಿರುವ ತಾಯಂದಿರು. ಕಾಲೇಜು ಮಕ್ಕಳಿಗೆ ಪಾಠ ಮಾಡಿದ ಅಭ್ಯಾಸ ಇವರ ಮುಂದೆ ಹೆಚ್ಚು ದೂರ ಸಾಗುವುದಿಲ್ಲ. ಇಪ್ಪತ್ತರ ಹುಡುಗ ತಪ್ಪು ಮಾಡಿದರೆ ನಕ್ಕು ಮುಂದೆ ಹೋಗುತ್ತಾನೆ. ನಿನ್ನೆಯವರೆಗೆ ತನ್ನ ವಿಭಾಗದಲ್ಲಿ ಎಲ್ಲರೂ ಬಂದು ಸಲಹೆ ಕೇಳುತ್ತಿದ್ದ ನಲವತ್ತೈದರ ಹೆಣ್ಣುಮಗಳು ಪರದೆಯ ಮೇಲೆ ದೋಷ ಹೇಳುವ ಕೆಂಪು ಸಾಲು ಕಂಡ ಕೂಡಲೇ ಲ್ಯಾಪ್‌ಟಾಪ್ ಅರ್ಧ ಮುಚ್ಚುತ್ತಾಳೆ, ಪಕ್ಕದವರು ನೋಡಬಾರದೆಂದು. ಆ ಅರ್ಧ ಮುಚ್ಚಿದ ಲ್ಯಾಪ್‌ಟಾಪ್‌ಗಳನ್ನು ಎಷ್ಟು ಕಂಡಿದ್ದೇನೋ ಲೆಕ್ಕವಿಲ್ಲ. ಹಾಗೆ ಮುಚ್ಚಿದವರು ಮುಂದಿನ ವಾರ ಬರುವುದೇ ಅಪರೂಪ.

ಮೊದಲು ಎಲ್ಲರೂ ಮಾಡುವಂತೆ ಪುಟದ ರಚನೆಗೆ ಎಚ್‌ಟಿಎಂಎಲ್, ಅಲಂಕಾರಕ್ಕೆ ಸಿಎಸ್‌ಎಸ್, ಪುಟ ಕೆಲಸ ಮಾಡಲು ಜಾವಾಸ್ಕ್ರಿಪ್ಟ್, ಕೊನೆಗೆ ಅದರ ಮೇಲೆ ಕಟ್ಟಿದ ರಿಯಾಕ್ಟ್ ಎಂಬ ಸಾಲು ಹಿಡಿದಿದ್ದೆವು. ಐದನೆಯ ವಾರ, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಮತ್ತು ಫಂಕ್ಷನ್ (ಹೆಸರಿಟ್ಟು ಕರೆಯುವ ಕೋಡ್ ತುಂಡು) ಬರುವ ಹೊತ್ತಿಗೆ ಅರ್ಧ ಕುರ್ಚಿಗಳು ಖಾಲಿ. ತರಗತಿಯಲ್ಲಿ ನಾನು ಟೈಪ್ ಮಾಡುತ್ತಾ ಹೋಗುವುದು, ಅವರು ನೋಡಿಕೊಂಡು ಟೈಪ್ ಮಾಡುವುದು. ಎಲ್ಲರ ಪರದೆಯಲ್ಲೂ ಅದೇ ಪುಟ ಮೂಡುತ್ತಿತ್ತು, ಎಲ್ಲರಿಗೂ ಸಂತೋಷ. ಮನೆಗೆ ಹೋಗಿ ಖಾಲಿ ಫೈಲ್ ತೆರೆದರೆ ಮೊದಲ ಸಾಲೇ ಹೊಳೆಯುತ್ತಿರಲಿಲ್ಲ. ಪಾಠವನ್ನು ವಿಡಿಯೋ ಮಾಡಿ ಮೊದಲೇ ಕಳುಹಿಸಿ, ತರಗತಿಯನ್ನು ಅಭ್ಯಾಸಕ್ಕೆ ಮೀಸಲಿಟ್ಟೆವು. ದುಡಿದು ದಣಿದು ಬಂದವರು ರಾತ್ರಿ ಹತ್ತು ಗಂಟೆಗೆ ವಿಡಿಯೋ ನೋಡುವುದಿಲ್ಲ. ನೋಡದೆ ಬಂದವರಿಗೆ ತರಗತಿಯಲ್ಲಿ ಸಂಕೋಚ, ಆ ಸಂಕೋಚಕ್ಕೇ ಮತ್ತಷ್ಟು ಜನ ಬಿಟ್ಟರು.

ಈಗಿನ ಕ್ರಮಕ್ಕೆ ಬರುತ್ತೇನೆ. ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಫೋಲ್ಡರ್. ಅದರಲ್ಲಿ ಚಿಕ್ಕದೊಂದು ಪುಟ: ಶೀರ್ಷಿಕೆ, ಒಂದು ಚಿತ್ರ, ಎರಡು ಕೊಂಡಿ, ಒಂದು ಫಾರ್ಮ್. ನಾಲ್ಕೈದು ಕಡೆ ಕೆಡಿಸಿಟ್ಟಿರುತ್ತೇನೆ. ಫೈಲಿನ ಹೆಸರು index.html ಎಂದು ಕಂಡರೂ ನಿಜದಲ್ಲಿ ಅದು index.html.txt, ವಿಂಡೋಸ್ ಕೊನೆಯ ವಿಸ್ತರಣೆಯನ್ನು ಬಚ್ಚಿಡುತ್ತದೆ. ಸಿಎಸ್‌ಎಸ್‌ನಲ್ಲಿ ಒಂದು ಅರ್ಧವಿರಾಮ ಬಿಟ್ಟಿರುತ್ತದೆ, ಬಿಟ್ಟ ಸಾಲು ಮತ್ತು ಅದರ ಕೆಳಗಿನ ಸಾಲು ಎರಡೂ ಸತ್ತಿರುತ್ತವೆ. ಫಾರ್ಮ್‌ನ ಲೇಬಲ್ ಒಂದು ಹೆಸರು ಹೇಳಿದರೆ ಇನ್‌ಪುಟ್‌ನ, ಅಂದರೆ ತುಂಬುವ ಖಾನೆಯ ಐಡಿ ಇನ್ನೊಂದು ಹೇಳುತ್ತದೆ. ಲೇಬಲ್ ಒತ್ತಿದರೆ ಕರ್ಸರ್ ಅಲ್ಲಾಡುವುದಿಲ್ಲ. ಚಿತ್ರದ ಫೈಲ್ photo.jpg, ಕೋಡ್‌ನಲ್ಲಿ Photo.JPG. ವಿಂಡೋಸ್‌ನಲ್ಲಿ ಸುಖವಾಗಿ ಕಾಣುವ ಈ ಚಿತ್ರ ಪುಟವನ್ನು ಸರ್ವರ್‌ಗೆ ಏರಿಸಿದ ಕೂಡಲೇ ಮಾಯವಾಗುತ್ತದೆ. ಇದನ್ನು ಎರಡನೆಯ ವಾರದವರೆಗೆ ಯಾರೂ ಗಮನಿಸುವುದಿಲ್ಲ, ಗಮನಿಸಬಾರದು ಎಂದೇ ಇಟ್ಟಿರುವುದು. ತನ್ನ ಯಂತ್ರದಲ್ಲಿ ಸರಿಯಿದ್ದದ್ದು ಹೊರಗೆ ಕೆಡಬಹುದು ಎಂಬ ಮಾತನ್ನು ನಾನು ಬಾಯಲ್ಲಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಿಯಮ ಒಂದೇ. ಕೀಬೋರ್ಡ್ ಮುಟ್ಟುವ ಮೊದಲು ನೋಟ್‌ಪುಸ್ತಕದಲ್ಲಿ ಮೂರು ಸಾಲು ಬರೆಯಬೇಕು: ಏನು ಕಾಣುತ್ತಿದೆ, ಏನು ಕಾಣಬೇಕಿತ್ತು, ಮೊದಲು ಎಲ್ಲಿ ನೋಡುತ್ತೇನೆ. ಕಾಗದದ ಮೇಲೆ, ಪೆನ್ನಿನಲ್ಲಿ. ಈ ಮೂರು ಸಾಲುಗಳಿಗಾಗಿ ನಾನು ಜಗಳವಾಡಿದ್ದೇನೆ, ಈಗಲೂ ಆಡುತ್ತೇನೆ. ಬರೆಯದೆ ಕೈ ಹಾಕುವವರು ಸರಿಯಿದ್ದ ಎರಡು ಸಾಲನ್ನೂ ಕೆಡಿಸಿ, ಎಲ್ಲಿಂದ ಹೊರಟೆವು ಎಂಬುದನ್ನೇ ಮರೆಯುತ್ತಾರೆ.

ಇದರಲ್ಲಿ ನಾವು ನಿರೀಕ್ಷಿಸಿರದ ಲಾಭವೊಂದಿತ್ತು. ದೋಷ ಇಟ್ಟವರು ಬೇರೆಯವರಾದ್ದರಿಂದ ಕೆಂಪು ಸಾಲು ಕಂಡರೆ ಯಾರಿಗೂ ನಾಚಿಕೆಯಿಲ್ಲ. ಹುಡುಕಿದ ಹೆಮ್ಮೆ ಮಾತ್ರ ಅವರದು. ಲ್ಯಾಪ್‌ಟಾಪ್ ಅರ್ಧ ಮುಚ್ಚುವುದು ನಿಂತದ್ದು ಇಲ್ಲಿಂದ.

ಇನ್ನೊಂದು, ಅವರ ಹಳೆಯ ಕಸುಬು ಇಲ್ಲಿ ಕೆಲಸಕ್ಕೆ ಬಂತು. ಮೂರನೆಯ ವಾರದ ಪುಟದಲ್ಲಿ ಎರಡು ಖಾನೆಗಳಿಗೆ ಮೊತ್ತ ತುಂಬಿದರೆ ಕೆಳಗೆ ಒಟ್ಟು ತೋರಿಸಬೇಕು. ಹತ್ತು ಮತ್ತು ಐದು ಹಾಕಿದರೆ 105 ಬರುತ್ತದೆ. ಹಿಂದೆ ಲೆಕ್ಕಪತ್ರ ವಿಭಾಗದಲ್ಲಿದ್ದ, ಐವತ್ತರ ಆಸುಪಾಸಿನ ಒಬ್ಬರು ಒಂದೆರಡು ನಿಮಿಷ ಪರದೆ ನೋಡಿ, "ಮೇಡಂ, ಇವು ಕೂಡಿಕೊಂಡಿಲ್ಲ, ಅಂಟಿಕೊಂಡಿವೆ" ಎಂದರು. ಇನ್‌ಪುಟ್‌ನಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರಿಯ ಅಕ್ಷರಗಳ ಸಾಲು ಎಂದು ನಾನು ಇನ್ನೂ ಹೇಳಿರಲಿಲ್ಲ. ಅಷ್ಟಕ್ಕೇ ಬಿಡದೆ ಕೂಡಿಸುವ ಗುರುತು ತೆಗೆದು ಕಳೆಯುವ ಗುರುತು ಹಾಕಿ ನೋಡಿದರು. ಸರಿಯಾಗಿ 5 ಬಂತು. ಕಳೆಯುವಾಗ ಸಂಖ್ಯೆಯಾಗುವುದು ಕೂಡುವಾಗ ಏಕೆ ಆಗುವುದಿಲ್ಲ ಎಂದು ಕೇಳಿದರು. ನಾನು ಒಂದು ಗಂಟೆ ಉಪನ್ಯಾಸ ಕೊಟ್ಟಿದ್ದರೂ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಕಟ್ಟಿದ್ದು ಎಂಬುದನ್ನು ಹೇಳಲು ಅದೇ ಒಳ್ಳೆಯ ಸಮಯ. ಕೇಳಿದವರಿಗೆ ದೊಡ್ಡ ಸಮಾಧಾನ: ಇಂಥ ವಿಚಿತ್ರಗಳು ತಮ್ಮ ದಡ್ಡತನದಿಂದ ಬಂದದ್ದಲ್ಲ ಎಂದು.

ನರ್ಸ್ ಆಗಿದ್ದವರೊಬ್ಬರು ಇನ್ನೊಂದು ಪುಟ ಬಿಡಿಸಿದ ಬಗೆ ನನಗೆ ಇಂದಿಗೂ ಮೆಚ್ಚುಗೆ. ಜಾವಾಸ್ಕ್ರಿಪ್ಟ್‌ನ ಫೆಚ್ ಎಂಬ ಆದೇಶ ಬಳಸಿ ಸರ್ವರ್‌ನಿಂದ ದತ್ತಾಂಶ ತರುವ ಪುಟ. ವಿಳಾಸ ತಪ್ಪಿದೆ, ಸರ್ವರ್ 404 (ಕೇಳಿದ್ದು ಇಲ್ಲಿಲ್ಲ) ಎನ್ನುತ್ತಿದೆ, ಆದರೆ ದೋಷ ಹಿಡಿಯಲು ಬರೆದ ಕ್ಯಾಚ್ ಭಾಗ ಓಡುತ್ತಲೇ ಇಲ್ಲ. ಸಂಪರ್ಕವೇ ಸಾಧ್ಯವಾಗದಿದ್ದರೆ ಮಾತ್ರ ಫೆಚ್ ಸೋತೆನೆಂದು ಹೇಳಿ ಕ್ಯಾಚ್‌ಗೆ ಒಪ್ಪಿಸುತ್ತದೆ, 404 ಬಂದರೂ ಅದಕ್ಕೆ ಉತ್ತರ ಬಂದಂತೆಯೇ. ವರ್ಷಗಳಿಂದ ಕೋಡ್ ಬರೆಯುವವರೂ ಇಲ್ಲಿ ಎಡವುತ್ತಾರೆ. ಈಕೆ ಮಾತ್ರ ಬ್ರೌಸರ್‌ನಲ್ಲಿ ಹೋದ ಬಂದ ಕೋರಿಕೆಗಳನ್ನು ತೋರಿಸುವ ನೆಟ್‌ವರ್ಕ್ ಪಟ್ಟಿ ತೆರೆದು ಪ್ರತಿಯೊಂದು ಸಾಲಿನ ಸ್ಥಿತಿ ಸಂಖ್ಯೆಯನ್ನು ಬರೆದುಕೊಂಡರು. ಯಾರ ಮಾತನ್ನೂ ನಂಬದೆ ತಾನೇ ಅಳತೆ ತೆಗೆದುಕೊಳ್ಳುವುದು ಅವರಿಗೆ ಇಪ್ಪತ್ತು ವರ್ಷದ ಅಭ್ಯಾಸ. ಬಂದ ಉತ್ತರ ಸರಿಯಿದೆಯೇ ಎಂದು ಹೇಳುವ response.ok ನೋಡಬೇಕು ಎಂಬುದನ್ನು ನಾನು ತೋರಿಸಿದ್ದು ಆಮೇಲೆ.

ಪುಟಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕನೆಯ ವಾರದ ಕೊನೆಗೆ ಇಡುವ ಒಂದು ದೋಷವಂತೂ ಬಾಯಿ ಬಿಡುವಂಥದ್ದಲ್ಲ; ಮುಂದಿನ ತಂಡದವರೂ ಇದನ್ನು ಓದುತ್ತಾರೆ. ಒಂದು ಸುಳಿವು ಕೊಡಬಲ್ಲೆ: ಎಚ್‌ಟಿಎಂಎಲ್‌ನ ತಪ್ಪುಗಳನ್ನು ಬ್ರೌಸರ್ ಸದ್ದಿಲ್ಲದೆ ತಾನೇ ಸರಿಪಡಿಸಿಕೊಳ್ಳುತ್ತದೆ, ಹಾಗಾಗಿ ಮೂಲ ಫೈಲಿನಲ್ಲಿರುವುದೂ ಬ್ರೌಸರ್ ತಾನು ಅರ್ಥಮಾಡಿಕೊಂಡ ಪುಟವನ್ನು ತೋರಿಸುವ ಎಲಿಮೆಂಟ್ಸ್ ಪಟ್ಟಿಯಲ್ಲಿ ಕಾಣುವುದೂ ಒಂದೇ ಆಗಿರಬೇಕಿಲ್ಲ. ಉಳಿದದ್ದನ್ನು ನೀವೇ ಕಟ್ಟಿಕೊಳ್ಳಬಹುದು.

ಐದನೆಯ ವಾರದಿಂದ ಬರವಣಿಗೆ. ಆ ಹೊತ್ತಿಗೆ ಅವರು ನೂರಾರು ಸಾಲು ಬೇರೆಯವರ ಕೋಡ್ ಓದಿರುತ್ತಾರೆ, ಖಾಲಿ ಫೈಲ್ ಅಷ್ಟು ಕಾಡುವುದಿಲ್ಲ. ಮಾಡಬೇಕಾದ ಕೆಲಸಗಳ (ಟು-ಡೂ) ಪಟ್ಟಿ, ಹವಾಮಾನದ ಪುಟದಂಥ ಮಾಮೂಲಿ ಅಭ್ಯಾಸಗಳನ್ನೆಲ್ಲ ನಿಷೇಧಿಸಿದ್ದೇನೆ. ತಾವು ಬಿಟ್ಟುಬಂದ ಅಥವಾ ಬಿಡಲಿರುವ ಕೆಲಸದಲ್ಲಿ ದಿನವೂ ತಲೆನೋವಾಗಿದ್ದ ಒಂದು ಸಂಗತಿಗೆ ಪುಟ ಕಟ್ಟಬೇಕು. ಗೋದಾಮಿನವರು ಪೆಟ್ಟಿಗೆಗಳ ಎಣಿಕೆಗೆ ಕಟ್ಟಿದ್ದು ನೋಡಲು ಚೆಂದವಿರಲಿಲ್ಲ, ಆದರೆ ಕೈಗವಸು ಹಾಕಿಕೊಂಡು ಒತ್ತುವಷ್ಟು ದೊಡ್ಡ ಗುಂಡಿಗಳಿದ್ದವು. ನನಗೆ ಅದು ಹೊಳೆಯುತ್ತಿರಲಿಲ್ಲ.

ಹಣದ ವಿಚಾರ. ಪಾಠ ಉಚಿತ, ನಮ್ಮಲ್ಲಿ ಯಾರಿಗೂ ಸಂಬಳವಿಲ್ಲ. ಉಚಿತವಾದದ್ದಕ್ಕೆ ಬೆಲೆಯಿಲ್ಲ ಎಂದು ಕೆಲವರು ಹೇಳಿದ್ದರಿಂದ ಠೇವಣಿ ಇಟ್ಟು ನೋಡಿದೆವು: ಪೂರ್ತಿ ಹಾಜರಿದ್ದರೆ ಕೊನೆಯಲ್ಲಿ ವಾಪಸ್. ಕೆಲಸ ಕಳೆದುಕೊಂಡವರು ಹೊಸ್ತಿಲಲ್ಲೇ ನಿಂತರು, ಅವರಿಗೇ ನಮ್ಮ ತರಗತಿ ಹೆಚ್ಚು ಬೇಕಿತ್ತು. ಇದ್ದವರು ದುಡ್ಡು ಹೋದರೆ ಹೋಗಲಿ ಎಂದು ಬಿಟ್ಟುಹೋದರು. ಮಧ್ಯದಲ್ಲಿ ಕಾಯಿಲೆ ಬಿದ್ದವರ ಠೇವಣಿ ಹಿಡಿದಿಟ್ಟುಕೊಳ್ಳಬೇಕೇ ಎಂಬ ಚರ್ಚೆ ಬಂದಾಗ ನನಗೆ ಆ ಪದ್ಧತಿಯೇ ಬೇಡವಾಯಿತು. ಈಗ ಠೇವಣಿಯಿಲ್ಲ. ಬದಲಿಗೆ ಪ್ರತಿ ವಾರ ಒಬ್ಬರು ಕೆಡಿಸಿದ ಪುಟವನ್ನು ಇನ್ನೊಬ್ಬರು ಸರಿ ಮಾಡಬೇಕು. ತಪ್ಪಿಸಿಕೊಂಡರೆ ಜೊತೆಗಾರರು ಸುಮ್ಮನೆ ಕೂರಬೇಕಾಗುತ್ತದೆ. ಠೇವಣಿ ಹಿಡಿದಿಡಲಾಗದವರನ್ನು ಇದು ಹಿಡಿದಿಟ್ಟಿದೆ.

ಖರ್ಚಿನಲ್ಲಿ ದೊಡ್ಡದು ಲ್ಯಾಪ್‌ಟಾಪ್. ದಾನವಾಗಿ ಬರುವವು ಹಳೆಯವು, ನಾಲ್ಕು ಜಿಬಿ ಮೆಮೊರಿಯವು. ಬ್ರೌಸರ್ ಮತ್ತು ಎಡಿಟರ್ ಎರಡನ್ನೂ ತೆರೆದರೆ ಉಸಿರು ಕಟ್ಟುತ್ತದೆ. ಮೆಮೊರಿ ಎಂಟಕ್ಕೆ ಏರಿಸಿ, ಹಳೆಯ ಹಾರ್ಡ್ ಡಿಸ್ಕ್ ಕಿತ್ತು ವೇಗದ ಎಸ್‌ಎಸ್‌ಡಿ ಹಾಕಿಸಿದೆವು. ಹೊಸದರ ಬೆಲೆಯ ಐದರಲ್ಲೊಂದು ಪಾಲೂ ಆಗಲಿಲ್ಲ. ಬ್ಯಾಟರಿಗೆ ದುಡ್ಡು ಹಾಕಬೇಡಿ, ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್ ಕೊಳ್ಳಿ. ಪುಟವನ್ನು ಅಂತರಜಾಲದಲ್ಲಿ ಇಡುವ ಹೋಸ್ಟಿಂಗ್‌ಗೆ ಖರ್ಚಿಲ್ಲ, ಗಿಟ್‌ಹಬ್ ಪೇಜಸ್‌ನಂಥವು ಉಚಿತ. ಕ್ರೆಡಿಟ್ ಕಾರ್ಡ್ ಕೇಳುವ ಯಾವ ಕ್ಲೌಡ್ ಸೇವೆಯನ್ನೂ ತರಗತಿಯೊಳಗೆ ಬಿಡುವುದಿಲ್ಲ. ಒಬ್ಬರ ಎಪಿಐ ಕೀಲಿ (ಸೇವೆಯೊಂದನ್ನು ಬಳಸಲು ಕೊಡುವ ಗುಪ್ತ ಸಂಕೇತ) ಸಾರ್ವಜನಿಕ ರೆಪೊಸಿಟರಿಗೆ, ಅಂದರೆ ಯಾರೂ ನೋಡಬಹುದಾದ ಕೋಡ್ ಸಂಗ್ರಹಕ್ಕೆ ಸೇರಿ, ಯಾರೋ ಅದನ್ನು ಬಳಸಿ, ಅವರ ಒಂದು ವಾರದ ದುಡಿಮೆಯಷ್ಟು ಬಿಲ್ ಬಂತು. ಮುಂದಿನ ಕಮಿಟ್‌ನಲ್ಲಿ, ಅಂದರೆ ಮುಂದೆ ಉಳಿಸುವ ಆವೃತ್ತಿಯಲ್ಲಿ ಅಳಿಸಿದರೂ, ಹಳೆಯ ಆವೃತ್ತಿಗಳನ್ನೆಲ್ಲ ಕಾಪಿಡುವ ಗಿಟ್‌ನ ಇತಿಹಾಸದಲ್ಲಿ ಕೀಲಿ ಉಳಿದೇ ಇರುತ್ತದೆ. ಕೀಲಿಯನ್ನೇ ರದ್ದು ಮಾಡಬೇಕು. ಆ ಘಟನೆಯ ನಂತರ ಅದಕ್ಕೂ ಒಂದು ಕೆಟ್ಟ ರೆಪೊಸಿಟರಿ ತಯಾರಿಸಿದ್ದೇನೆ. ಒಂದು ಸಂಸ್ಥೆ ಪ್ರಾಯೋಜಿಸಲು ಮುಂದೆ ಬಂದಿತ್ತು, ತಮ್ಮ ಸಾಧನವನ್ನೇ ಕಲಿಸಬೇಕೆಂಬ ಷರತ್ತಿನೊಂದಿಗೆ. ಬೇಡವೆಂದೆವು. ವರ್ಷಕ್ಕೆ ನನ್ನ ಸುಮಾರು ಒಂದು ತಿಂಗಳ ಸಂಬಳ ಇದಕ್ಕೆ ಹೋಗುತ್ತದೆ, ಬೇಸರವಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇವೆ. ಒಂದು ದಿನ ಎಲ್ಲರ ಮೌಸ್ ಕಿತ್ತಿಟ್ಟು, ಟಚ್‌ಪ್ಯಾಡ್ ಮೇಲೆ ಕಾಗದ ಅಂಟಿಸಿ, ಬರಿಯ ಟ್ಯಾಬ್ ಕೀಲಿಯಿಂದ ತಮ್ಮದೇ ಪುಟದ ಫಾರ್ಮ್ ತುಂಬಿಸಿದೆ. ನಿಜವಾದ ಗುಂಡಿಯ ಬದಲು ಡಿವ್ ಎಂಬ ಬರಿಯ ಚೌಕದಿಂದ ಗುಂಡಿ ಮಾಡಿದವರು, ಈಗ ಎಲ್ಲಿದ್ದೇವೆಂದು ತೋರಿಸುವ ಔಟ್‌ಲೈನ್ ಗೆರೆ ತೆಗೆದುಹಾಕಿದವರು ಅಲ್ಲೇ ಸಿಕ್ಕಿಬಿದ್ದರು. ಇದನ್ನು ಕಾಯಂ ಮಾಡಿದ್ದೇವೆ. ವೇರಿಯಬಲ್‌ಗಳಿಗೆ, ಅಂದರೆ ಮೌಲ್ಯ ತುಂಬಿಡುವ ಹೆಸರುಗಳಿಗೆ, ಕನ್ನಡದ ಹೆಸರು ಇಡಿಸಿ ನೋಡಿದೆ; ಜಾವಾಸ್ಕ್ರಿಪ್ಟ್ ಒಪ್ಪುತ್ತದೆ, let ಒಟ್ಟು = 0 ಎಂದರೆ ತಕರಾರಿಲ್ಲ. ತಾನಿಟ್ಟ ಹೆಸರು ಯಾವುದು, ಜಾವಾಸ್ಕ್ರಿಪ್ಟ್ ಭಾಷೆಯದೇ ಪದ ಯಾವುದು ಎಂಬ ಗೊಂದಲ ಆರಂಭಿಕರಿಗೆ ಚೆನ್ನಾಗಿ ಕಳೆಯುತ್ತದೆ. ಕೀಬೋರ್ಡ್ ಬದಲಿಸುತ್ತಾ ಕೂರುವುದೇ ಕಷ್ಟವಾಗಿ ಎರಡು ವಾರಕ್ಕೆ ನಿಲ್ಲಿಸಿದೆ. 2006ರಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರೀಷಿಯಾ ಹೇಡನ್ ಮುಂದಿಟ್ಟ, ಕಲಸಿದ ಕೋಡ್ ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಸಮಸ್ಯೆಗಳನ್ನು ಚೀಟಿಗಳಲ್ಲಿ ಬರೆದು ಕೊಡುತ್ತೇನೆ. ಲೂಪ್‌ಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಎಐ ಸಹಾಯಕಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ಎಂಟು ವಾರ ಬೇಡ. ಆಮೇಲೆ ಬಳಸಲಿ, ಆದರೆ ಅದು ಕೊಟ್ಟ ಉತ್ತರಕ್ಕೂ ಅದೇ ಮೂರು ಸಾಲು ಬರೆಯಬೇಕು. ನಾಲ್ಕು ವಾರ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕಿ ಪಳಗಿದವರು ಯಂತ್ರ ಬರೆದದ್ದನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಈ ಕ್ರಮವನ್ನು ಶುರು ಮಾಡಿದಾಗ ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಕೆಲಸ ಸಿಗುತ್ತದೆಯೇ? ಮೂರು ತಿಂಗಳಲ್ಲಿ ಸಿಗುವುದಿಲ್ಲ. ನಮ್ಮವರಿಗೆ ಒಂಬತ್ತು ತಿಂಗಳಿನಿಂದ ಒಂದೂವರೆ ವರ್ಷ ಹಿಡಿದಿದೆ. ಸೇರುವ ದಿನವೇ ಹೇಳಿಬಿಡುತ್ತೇನೆ: ಈಗಿನ ಉದ್ಯೋಗ ಬಿಡಬೇಡಿ, ಸಾಲ ಮಾಡಬೇಡಿ. ಮೊದಲ ಕೆಲಸ ಬಹುಪಾಲು ಹಳೆಯ ಕಸುಬಿನ ನೆರೆಯಲ್ಲೇ ಸಿಗುತ್ತದೆ. 105 ಕಂಡುಹಿಡಿದವರು ಬಿಲ್ಲಿಂಗ್ ತಂತ್ರಾಂಶ ಮಾಡುವ ಕಡೆ ಪರೀಕ್ಷಕರಾಗಿ ಸೇರಿ, ವರ್ಷದೊಳಗೆ ಕೋಡ್ ಬರೆಯುವ ತಂಡಕ್ಕೆ ಹೋದರು. ಸಂದರ್ಶನದಲ್ಲಿ ಅವರ ಮುಂದೆ ಕೆಟ್ಟ ಪುಟವೊಂದನ್ನು ಇಟ್ಟಿದ್ದರಂತೆ. ಕಾಗದ ಸಿಗಬಹುದೇ ಎಂದು ಕೇಳಿದೆ ಎಂದರು.

ಸರದಿ ಪಾಳಿಯಲ್ಲಿ ದುಡಿಯುವವರಿಗೆ ನಮ್ಮ ವೇಳೆ ಇನ್ನೂ ಹೊಂದುತ್ತಿಲ್ಲ. ಒಂದೇ ಪಾಠವನ್ನು ವಾರದಲ್ಲಿ ಎರಡು ಬಾರಿ, ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಮಾಡಿ ನೋಡುತ್ತಿದ್ದೇನೆ. ಆರು ಜನರಿಗೆ ಒಬ್ಬರಾದರೂ ಕಲಿಸುವವರು ಬೇಕು, ಹತ್ತಾದರೆ ಮೂರು ಸಾಲಿನ ನೋಟ್‌ಪುಸ್ತಕ ನೋಡಲು ಸಮಯ ಸಾಲುವುದಿಲ್ಲ. ಬೆಳಗಿನ ಹೊತ್ತಿಗೆ ಸದ್ಯ ನಾನೊಬ್ಬಳೇ ಇದ್ದೇನೆ.