ಭ್ರೂಣವಿಜ್ಞಾನದಿಂದ ಬಾಹ್ಯಾಕಾಶ ಆರೋಗ್ಯದ ಸಂಶೋಧನೆಗೆ ಹೊರಳುವ ಬಗೆ

ಭ್ರೂಣದ ಬೆಳವಣಿಗೆಯನ್ನು ಅಭ್ಯಾಸ ಮಾಡಿದವರು ಗಗನಯಾತ್ರಿಗಳ ಆರೋಗ್ಯದ ಸಂಶೋಧನೆಗೆ ಬರಲು ಹಳೆಯ ವಿದ್ಯೆಯನ್ನು ಬಿಡಬೇಕಾಗಿಲ್ಲ. ಇಷ್ಟು ವರ್ಷ ಪ್ರಯೋಗಕ್ಕೆ ಬಳಸಿದ ಪ್ರಾಣಿಯನ್ನು ಬೇಕಾದರೆ ಬದಲಿಸಿ, ಬೆನ್ನುಹತ್ತಿದ ಪ್ರಶ್ನೆಯನ್ನು ಮಾತ್ರ ಕೈಬಿಡಬೇಡಿ.

ಕ್ಸೆನೋಪಸ್ ಕಪ್ಪೆಯ ಮೊಟ್ಟೆಯನ್ನೇ ನೋಡಿ. ಮಿಲಿಮೀಟರಿಗಿಂತ ತುಸು ದೊಡ್ಡದಾದ ಆ ಗುಂಡು ಅರ್ಧ ಕಪ್ಪು, ಅರ್ಧ ಬಿಳಿಚು. ನಿಷೇಚನವಾದ ಮೇಲೆ ಸುತ್ತಲಿನ ಪೊರೆ ಸಡಿಲಗೊಂಡು, ಆಹಾರಸಂಗ್ರಹದಿಂದ ಭಾರವಾದ ಬಿಳಿಚು ಭಾಗ ಕೆಳಗಿಳಿಯುತ್ತದೆ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ತಟ್ಟೆಯ ಮೊಟ್ಟೆಗಳು ಕಪ್ಪು ಮುಖವನ್ನು ಮೇಲೆ ಮಾಡಿಕೊಂಡು ನಿಂತಿರುತ್ತವೆ. ಇದನ್ನು ಕಂಡವರಿಗೆ ಗುರುತ್ವವೇ ಇಲ್ಲದಿದ್ದರೆ ಏನಾದೀತು ಎಂಬ ಪ್ರಶ್ನೆ ಹೊಳೆಯದೆ ಇರದು. 1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಷಟಲ್ ಎಂಡೆವರ್ ನೌಕೆಯಲ್ಲಿ ಕಪ್ಪೆಯ ಮೊಟ್ಟೆಗಳನ್ನು ಬಾಹ್ಯಾಕಾಶದಲ್ಲೇ ನಿಷೇಚನಗೊಳಿಸಿದಾಗ, ಆರಂಭಿಕ ಭ್ರೂಣದ ಒಳಕುಹರದ ಮೇಲ್ಪದರ ದಪ್ಪಗಾಗಿದ್ದರೂ ಈಜುವ ಗೊದಮೊಟ್ಟೆಗಳು ಹುಟ್ಟಿದವು. ಉತ್ತರ ಸಿಕ್ಕ ಪ್ರಶ್ನೆಯನ್ನೇ ಮತ್ತೆ ಕೇಳುತ್ತ ಕೂರುವುದಕ್ಕಿಂತ, ಅದರ ಹಿಂದಿನ ಅಣುಗಳು ವಯಸ್ಕ ದೇಹದಲ್ಲಿ ಬೇರೆಲ್ಲಿ ಕೆಲಸ ಮಾಡುತ್ತಿವೆ ಎಂದು ಹುಡುಕುವುದು ಹೆಚ್ಚು ಫಲಕೊಡುತ್ತದೆ.

ಆ ಮೊಟ್ಟೆಯಲ್ಲಿ ಬೆನ್ನಿನ ಬದಿ ಯಾವುದೆಂದು ನಿರ್ಧರಿಸುವ ವಿಂಟ್ ಸಂಕೇತಮಾರ್ಗವೇ (ಕೋಶದಿಂದ ಕೋಶಕ್ಕೆ ಸಂದೇಶ ಸಾಗಿಸುವ ಅಣುಗಳ ಸರಣಿ) ಮುಂದೆ ಮೂಳೆ ಕಟ್ಟುವುದನ್ನೂ ನಿಯಂತ್ರಿಸುತ್ತದೆ. ಮೂಳೆಯೊಳಗಿನ ಕೋಶಗಳು ಸ್ರವಿಸುವ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್ ಆ ಮಾರ್ಗಕ್ಕೆ ಕಡಿವಾಣ. ಮೂಳೆಯ ಮೇಲಿನ ಭಾರ ತಗ್ಗಿದಾಗ ಆ ಕಡಿವಾಣ ಬಿಗಿಯಾಗುತ್ತದೆ. ಸಾಕಷ್ಟು ವ್ಯಾಯಾಮವಿಲ್ಲದೆ ಕಕ್ಷೆಯಲ್ಲಿರುವವರ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಸುಮಾರು ಶೇ. 1ರಿಂದ 1.5ರಷ್ಟು ಕುಗ್ಗುತ್ತದೆ. 2011ರಲ್ಲಿ ಷಟಲ್ ಯುಗದ ಕೊನೆಯ ಹಾರಾಟದಲ್ಲಿ ಸ್ಕ್ಲೆರೋಸ್ಟಿನ್ ತಡೆಯುವ ಪ್ರತಿಕಾಯವನ್ನು ಪಡೆದ ಇಲಿಗಳು ಪ್ರಯಾಣಿಸಿದ್ದು ಇದೇ ಕಾರಣಕ್ಕೆ. ನಿಮ್ಮ ಪ್ರಶ್ನೆಗೂ ಇಂಥದೊಂದು ಸೇತುವೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರಸ್ತಾವ ಎಷ್ಟೇ ಚೆನ್ನಾಗಿದ್ದರೂ ವೈದ್ಯರಿಗೆ ಅದು ಕುತೂಹಲದ ಸಂಗತಿಯಾಗಿಯೇ ಉಳಿಯುತ್ತದೆ.

ಎರಡನೆಯ ಹೆಜ್ಜೆ ನೆಲದ ಮೇಲಿನದು. ಕೋಶಗಳಿಗೆ ಅವನ್ನು ಅಡ್ಡ ಅಕ್ಷದ ಸುತ್ತ ಸದಾ ತಿರುಗಿಸುವ ಕ್ಲಿನೋಸ್ಟಾಟ್ ಎಂಬ ಯಂತ್ರವಿದೆ, ಹಿಂಗಾಲುಗಳ ಮೇಲೆ ಭಾರ ಬೀಳದಂತೆ ಇಲಿಯನ್ನು ಬಾಲದಿಂದ ಎತ್ತಿ ಹಿಡಿಯುವ ವಿಧಾನವಿದೆ, ಮನುಷ್ಯರಿಗೆ ತಲೆ 6 ಡಿಗ್ರಿ ಕೆಳಗಾಗಿರುವ ಹಾಸಿಗೆಯಲ್ಲಿ ವಾರಗಟ್ಟಲೆ ಮಲಗಿಸುವ ಅಧ್ಯಯನಗಳಿವೆ. ಕ್ಲಿನೋಸ್ಟಾಟ್ ಗುರುತ್ವವನ್ನು ಅಳಿಸುವುದಿಲ್ಲ, ಕೋಶದ ಪಾಲಿಗೆ ಅದರ ದಿಕ್ಕನ್ನು ಸದಾ ಬದಲಿಸುತ್ತಿರುತ್ತದೆ, ಅಷ್ಟೆ. ಆದ್ದರಿಂದ ಅದೇ ವೇಗದಲ್ಲಿ ಲಂಬ ಅಕ್ಷದ ಸುತ್ತ ತಿರುಗುವ ಇನ್ನೊಂದು ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸದಿದ್ದರೆ, ನೀವು ಅಳೆದದ್ದು ಯಂತ್ರದ ಕಂಪನವನ್ನೋ ಅಲ್ಲಾಡಿದ ದ್ರವವನ್ನೋ ಆಗಿರಬಹುದು. ಭ್ರೂಣವಿಜ್ಞಾನಿಗೆ ನಿಯಂತ್ರಣ ಪ್ರಯೋಗದ ಶಿಸ್ತು ಹೊಸದಲ್ಲ ಎಂಬುದು ಇಲ್ಲಿ ದೊಡ್ಡ ಅನುಕೂಲ.

ಈ ನಡುವೆ ನಾಸಾದ ಜೀನ್‌ಲ್ಯಾಬ್‌ನಂಥ ಮುಕ್ತ ಭಂಡಾರಗಳಲ್ಲಿ ಹಿಂದಿನ ಹಾರಾಟಗಳ ದತ್ತಾಂಶವನ್ನು ಓದಲು ಕಲಿಯಿರಿ. ಜೀನ್‌ಗಳ ಪಟ್ಟಿಗೆ ಕೈಹಾಕುವ ಮೊದಲು ಅಂಗಾಂಶವನ್ನು ಕಕ್ಷೆಯಲ್ಲೇ ಹೆಪ್ಪುಗಟ್ಟಿಸಿದ್ದರೇ, ಇಲ್ಲವೆ ಪ್ರಾಣಿಯನ್ನು ಜೀವಂತವಾಗಿ ಇಳಿಸಿದ ಮೇಲೆ ತೆಗೆದರೇ ಎಂದು ಪರಿಶೀಲಿಸಿ. ಇಳಿದು ಗಂಟೆಗಳು ಕಳೆದಿದ್ದರೆ ಭೂಮಿಗೆ ಮರಳಿದ ಒತ್ತಡವೂ ಅದರಲ್ಲಿ ಬೆರೆತಿರುತ್ತದೆ.

ಹಾರಾಟದ ಅವಕಾಶ ಸಿಕ್ಕಾಗ ಪ್ರಯೋಗವನ್ನು ಕಿರಿದು ಮಾಡಿ. ಗಗನಯಾತ್ರಿಯ ಸಮಯ ಕಡಿಮೆ, ಶೀತಕದ ಜಾಗವೂ ಕಡಿಮೆ. ನಿಮ್ಮ ವಿಷಯವೇ ತಿಳಿಯದ ಒಬ್ಬರ ಕೈಗೆ ಸೂಚನಾಪತ್ರ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡುತ್ತ ಕುಳಿತರೆ ಎಲ್ಲಿ ತೊಡರುತ್ತದೆಂದು ಗೊತ್ತಾಗುತ್ತದೆ. ಉಡಾವಣೆ ಮುಂದಕ್ಕೆ ಹೋಗುವುದು ಸಾಮಾನ್ಯವಾದ್ದರಿಂದ ವಿದ್ಯಾರ್ಥಿಯ ಪಿಎಚ್‌ಡಿಯನ್ನು ಒಂದೇ ಹಾರಾಟಕ್ಕೆ ಕಟ್ಟಿಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಕೊನೆಗೆ ಮನುಷ್ಯರ ಅಧ್ಯಯನ. ಇಲ್ಲಿ ನೂರಾರು ಭ್ರೂಣಗಳ ಸರಾಸರಿ ಸಿಗುವುದಿಲ್ಲ. 340 ದಿನ ಕಕ್ಷೆಯಲ್ಲಿದ್ದ ಸ್ಕಾಟ್ ಕೆಲ್ಲಿ ಮತ್ತು ನೆಲದಲ್ಲುಳಿದ ಅವರ ಅವಳಿ ಸೋದರ ಮಾರ್ಕ್ ಅವರನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದ್ದದ್ದು ಒಂದೇ ಜೋಡಿ. ಇಷ್ಟು ಸಣ್ಣ ಗುಂಪಿನಲ್ಲಿ ಹೆಸರು ಮರೆಮಾಚಿದರೂ ವ್ಯಕ್ತಿ ಯಾರೆಂದು ಊಹಿಸುವುದು ಕಷ್ಟವಲ್ಲ. ಹಾಗಾಗಿ ಮಾದರಿ ಸಂಗ್ರಹಿಸುವ ಮೊದಲೇ ಏನನ್ನು ಪ್ರಕಟಿಸಬಹುದು, ಏನನ್ನು ಕೂಡದು ಎಂಬುದನ್ನು ನೀತಿ ಸಮಿತಿಯೊಂದಿಗೂ ಆ ಗಗನಯಾತ್ರಿಯೊಂದಿಗೂ ಕುಳಿತು ಬರೆದಿಟ್ಟುಕೊಳ್ಳಿ.